ಪುನರ್ವಸು ಮಳೆ ಎಷ್ಟಾಯಿತು? — ಫೋನಿಗೊಂದು ಸ್ವಂತ ಆಪ್ ಕಟ್ಟುವ ಬಗೆ

ನಮ್ಮ ಯಸಳೂರಿನ ಕಡೆ ಮಳೆಗಾಲದಲ್ಲಿ ಇಬ್ಬರು ತೋಟದವರು ಬಸ್ ನಿಲ್ಲುವಲ್ಲಿ ಎದುರಾದರೆ ಮೊದಲು ಕೇಳಿಕೊಳ್ಳುವುದು ಕ್ಷೇಮಸಮಾಚಾರವನ್ನಲ್ಲ; "ನಿಮ್ಮಲ್ಲಿ ಎಷ್ಟಾಯ್ತು?" ಎಂದು. ಎಷ್ಟು ಇಂಚು, ಎಷ್ಟು ಸೆಂಟು ಮಳೆ ಬಿತ್ತು ಎಂಬುದೇ ಆ ಪ್ರಶ್ನೆಯ ಅರ್ಥ. ಇಂಚಿನ ನೂರರಲ್ಲೊಂದು ಪಾಲಿಗೆ ತೋಟದ ಮಾತಿನಲ್ಲಿ ಸೆಂಟು ಎಂದು ಹೆಸರು. ಅಂಗಳದಲ್ಲಿ ಒಂದು ಮಳೆಮಾಪಕ, ಜಗುಲಿಯ ಮೊಳೆಗೆ ನೇತುಹಾಕಿದ ಒಂದು ಲೆಕ್ಕದ ಪುಸ್ತಕ, ಅದಕ್ಕೆ ದಾರದಲ್ಲಿ ಕಟ್ಟಿದ ಒಂದು ಪೆನ್ಸಿಲು, ಇವು ಇಲ್ಲಿನ ಅನೇಕ ಮನೆಗಳಲ್ಲಿ ಇಂದಿಗೂ ಕಾಣಬರುವ ಸಾಮಗ್ರಿಗಳು.

೨೦೨೪ರ ಜುಲೈ ತಿಂಗಳಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಒಂದು ಸಮಸ್ಯೆಯನ್ನು ತಂದಳು. ಅವಳ ಅಜ್ಜ ಕೇಳಿದರಂತೆ: "ನಿನ್ನ ಫೋನಿನಲ್ಲಿ ಎಲ್ಲ ಇದೆ ಅಂತೀಯಲ್ಲ, ಈ ಸಲ ಪುನರ್ವಸು ಮಳೆ ಎಷ್ಟಾಯ್ತು ಹೇಳು ನೋಡೋಣ." ಫೋನಿನಲ್ಲಿ ಹವಾಮಾನದ ಆಪ್‌ಗಳು ಮೂರಿದ್ದವು. ನಾಳೆ ಮಳೆ ಬರುವ ಸಂಭವ ನೂರಕ್ಕೆ ಇಷ್ಟು ಎಂದು ಅವು ಹೇಳುತ್ತಿದ್ದವೇ ಹೊರತು ಪುನರ್ವಸು ಎಂದರೇನೆಂಬುದು ಅವುಗಳಿಗೆ ಗೊತ್ತಿರಲಿಲ್ಲ. ಆ ಮನೆಯ ಅಂಗಳದಲ್ಲಿ ಬಿದ್ದ ಮಳೆಯಂತೂ ಗೊತ್ತಿರುವ ಸಂಭವವೇ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನಿಲ್ಲಿಸಿದ್ದಾರೆ, ನಿಜ. ಅದು ದೊಡ್ಡ ಉಪಕಾರವೇ. ಆದರೆ ಮಲೆನಾಡಿನ ಮಳೆಯ ಸ್ವಭಾವವನ್ನು ಬಲ್ಲವರಿಗೆ, ಗುಡ್ಡದ ಈ ಮಗ್ಗುಲಿಗೆ ಬಿದ್ದಷ್ಟು ಆ ಮಗ್ಗುಲಿಗೆ ಬೀಳುವುದಿಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಆ ಹುಡುಗಿ ಕೇಳಿದ ಮುಂದಿನ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಸಾರ್, ಅಂಥ ಆಪ್ ಇಲ್ಲದಿದ್ದರೆ ನಾವೇ ಮಾಡಿಕೊಳ್ಳುವುದಕ್ಕೆ ಆಗುವುದಿಲ್ಲವೇ?"

ಕನ್ನಡ ಪಂಡಿತನಾದ ನನಗೆ ಉತ್ತರ ತಿಳಿದಿರಲಿಲ್ಲ. ಆಗುತ್ತದೆ ಎಂಬುದನ್ನು ಆ ಮಕ್ಕಳೊಡನೆ ಕೂತು ಕಲಿತೆ. ವಾಚಕರಲ್ಲಿ ಯಾರಾದರೂ, "ಇದು ಬೆಂಗಳೂರಿನ ಇಂಜಿನಿಯರುಗಳ ಕೆಲಸ, ನಮಗೇಕೆ?" ಎಂದುಕೊಂಡಿದ್ದರೆ ಅವರಿಗೆ ನಮ್ಮ ಬಾನುಲಿಯ ಚರಿತ್ರೆಯನ್ನೇ ನೆನಪಿಸುತ್ತೇನೆ. ೧೯೩೫ರಲ್ಲಿ ಮೈಸೂರಿನ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ಪ್ರಸಾರ ಯಂತ್ರವನ್ನಿಟ್ಟುಕೊಂಡು ಕೇಂದ್ರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಇಂಜಿನಿಯರಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಆ ಮನೆಯ ಕೇಂದ್ರಕ್ಕಿದ್ದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ದೇಶದ ಬಾನುಲಿಗೆಲ್ಲ ಹೆಸರಾಯಿತು. ಅಷ್ಟು ದೊಡ್ಡ ಸಾಹಸ ಇಲ್ಲಿ ಬೇಕಿಲ್ಲ. ಮನೆಯ ಒಂದು ಲೆಕ್ಕವನ್ನು ಫೋನು ಇಟ್ಟುಕೊಳ್ಳುವಂತೆ ಮಾಡಿದರೆ ಸಾಕು.

ಮೊದಲಿಗೆ ಆಪ್ ಎಂದರೇನೆಂಬುದನ್ನು ತಿಳಿಯೋಣ. ಅದು ಫೋನಿಗೆ ಕೊಟ್ಟ ಆಜ್ಞೆಗಳ ಒಂದು ಕಟ್ಟು. ಅದಕ್ಕಿಂತ ಹೆಚ್ಚೇನೂ ಅಲ್ಲ. ಇಂಥದನ್ನು ಒತ್ತಿದಾಗ ಇಂಥದನ್ನು ಮಾಡು, ಇಷ್ಟನ್ನು ನೆನಪಿಡು, ಕೇಳಿದಾಗ ತೋರಿಸು. ಸಾವಿರಾರು ಜನ ಸೇರಿ ಕಟ್ಟಿದ ದೊಡ್ಡ ಆಪ್‌ಗಳಲ್ಲಿಯೂ ಇರುವುದು ಇದೇ ಸಾಮಗ್ರಿ. ಅವುಗಳಲ್ಲಿ ಆಜ್ಞೆಗಳು ಲಕ್ಷಗಟ್ಟಲೆ, ನಮ್ಮದರಲ್ಲಿ ಇಪ್ಪತ್ತೋ ಮೂವತ್ತೋ. ಹಟ್ಟಿಯನ್ನು ಕಟ್ಟುವವನೂ ದೇವಾಲಯವನ್ನು ಕಟ್ಟುವವನೂ ಕಲ್ಲಿನ ಮೇಲೆ ಕಲ್ಲನ್ನೇ ಇಡುತ್ತಾರಷ್ಟೆ.

ಈ ಆಜ್ಞೆಗಳನ್ನು ಬರೆಯಲು ಕಾಟ್ಲಿನ್, ಜಾವಾ ಮುಂತಾದ ಯಂತ್ರಭಾಷೆಗಳಿವೆ. ಆಂಡ್ರಾಯ್ಡ್ ಫೋನುಗಳಿಗೆ ಕಾಟ್ಲಿನ್ ಭಾಷೆಗೇ ಮೊದಲ ಮನ್ನಣೆಯೆಂದು ಗೂಗಲ್ ಸಂಸ್ಥೆ ೨೦೧೯ರಲ್ಲಿ ಸಾರಿತು. ಆದರೆ ಅದನ್ನು ಬರೆಯಲು ಬೇಕಾದ ಆಂಡ್ರಾಯ್ಡ್ ಸ್ಟುಡಿಯೋ ಎಂಬ ಸಲಕರಣೆ ಬಲವಾದ ಕಂಪ್ಯೂಟರನ್ನು ಬೇಡುತ್ತದೆ. ಶಾಲೆಯ ಹಳೆಯ ಕಂಪ್ಯೂಟರು ಅದನ್ನು ತೆರೆಯುವಷ್ಟರಲ್ಲಿ ಪಿರಿಯಡ್ಡಿನ ಗಂಟೆ ಹೊಡೆದಿರುತ್ತದೆ. ಹೊಸಬರಿಗೆ ಒಪ್ಪುವುದು 'ಆಪ್ ಇನ್ವೆಂಟರ್' ಎಂಬ ಸಾಧನ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಹ್ಯಾಲ್ ಏಬಲ್‌ಸನ್ ಅವರ ಮುಂದಾಳುತನದಲ್ಲಿ ಇದು ಗೂಗಲ್‌ನಲ್ಲಿ ರೂಪುಗೊಂಡು ೨೦೧೦ರಲ್ಲಿ ಹೊರಬಂತು. ಗೂಗಲ್ ಕೈಬಿಟ್ಟ ಮೇಲೆ ೨೦೧೨ರಿಂದ ಎಂ.ಐ.ಟಿ.ಯೇ ಇದನ್ನು ನಡೆಸುತ್ತಿದೆ. ಹಣ ಕೊಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಅಂತರಜಾಲವನ್ನು ನೋಡುವ ಕಿಟಕಿಯೊಳಗೇ ಇದು ತೆರೆದುಕೊಳ್ಳುವುದರಿಂದ ಹಳೆಯ ಕಂಪ್ಯೂಟರಾದರೂ ನಡೆದೀತು.

ಇಲ್ಲಿ ಆಜ್ಞೆಗಳನ್ನು ಅಕ್ಷರಗಳಲ್ಲಿ ಬರೆಯುವುದಿಲ್ಲ. ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸುತ್ತಾರೆ. ಒಂದರ ಹಲ್ಲು ಇನ್ನೊಂದರ ಕಚ್ಚಿನಲ್ಲಿ ಕೂತರೆ ಆ ಜೋಡಣೆ ವ್ಯಾಕರಣಸಮ್ಮತ, ಕೂರದಿದ್ದರೆ ಅಲ್ಲ. ನನಗೆ ಈ ವಿದ್ಯೆ ರುಚಿಸಿದ್ದು ಇಲ್ಲಿಯೇ. ತುಂಡುಗಳ ಮೇಲೆ ಬರೆದಿರುವುದು ಇಂಗ್ಲಿಷ್ ಮಾತು. ಅದನ್ನು ಕಂಡು ಮಕ್ಕಳು ಹಿಂಜರಿದರು. ನಾನು ಕರಿಹಲಗೆಯ ಮೇಲೆ 'ಒತ್ತಿದಾಗ', 'ಒತ್ತಿದರೆ', 'ಬರೆದಿಡು' ಎಂಬ ಮೂರು ರೂಪಗಳನ್ನು ಬರೆದೆ. ಮೊದಲನೆಯದು ಕಾಲವನ್ನು ಸೂಚಿಸುತ್ತದೆ, ಎರಡನೆಯದು ಪಕ್ಷಾರ್ಥ, ಮೂರನೆಯದು ವಿಧ್ಯರ್ಥ. ಆಪ್ ಎಂಬ ಆಪೆಲ್ಲ ಈ ಮೂರರಿಂದಲೇ ಹೆಣೆದದ್ದು. ಒಂದು ಪೆಟ್ಟಿಗೆಗೆ ಹೆಸರಿಟ್ಟು ಅದರಲ್ಲಿ ಈ ಹೊತ್ತು ಒಂದು ಬೆಲೆಯನ್ನೂ ಮುಂದಿನ ಹೊತ್ತು ಮತ್ತೊಂದು ಬೆಲೆಯನ್ನೂ ಇಡುವ ಏರ್ಪಾಡೊಂದಿದೆ; 'ಅದು', 'ಅವನು' ಎಂಬ ಸರ್ವನಾಮಗಳು ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ನಾಮಪದಗಳಿಗೆ ನಿಲ್ಲುವಂತೆಯೇ ಎಂದರೆ ಮಕ್ಕಳಿಗೆ ತಟ್ಟನೆ ಹೊಳೆಯಿತು. ನಾನು ಸುಮ್ಮನೆ ಪಂಡಿತರ ಹೆಮ್ಮೆಯಿಂದ ಆಡುತ್ತಿರುವ ಮಾತಲ್ಲ ಇದು. ಕಂಪ್ಯೂಟರ್ ಭಾಷೆಗಳ ವ್ಯಾಕರಣವನ್ನು ಬರೆಯುವ ಒಂದು ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದು ಇಂಗರ್‌ಮನ್ ಎಂಬ ಅಮೆರಿಕದ ವಿದ್ವಾಂಸರು ೧೯೬೭ರಲ್ಲಿಯೇ ಸೂಚಿಸಿದ್ದರು.

ಇನ್ನು ಕೆಲಸಕ್ಕೆ ಬರೋಣ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಮೊದಲೇ ಕಂಪ್ಯೂಟರಿನ ಮುಂದೆ ಕೂರುವುದು. ಮೊದಲ ಎರಡು ದಿನ ಕಾಗದ ಪೆನ್ಸಿಲು ಹಿಡಿದು ಕೂರಬೇಕು. ಏನು ಬೇಕು ಎಂಬುದನ್ನು ವಾಕ್ಯಗಳಲ್ಲಿ ಬರೆಯಬೇಕು. ನಾವು ಬರೆದ ಮೊದಲ ವಾಕ್ಯ: 'ದಿನದ ಮಳೆಯನ್ನು ಬರೆದಿಡಬೇಕು.' ಓದಿದರೆ ಇದರಲ್ಲಿ ಏನೂ ಕೊರತೆ ಕಾಣುವುದಿಲ್ಲ. ಆದರೆ ಅಜ್ಜನ ಮುಂದಿಟ್ಟಾಗ ಅವರು ಕೇಳಿದ ಪ್ರಶ್ನೆಗಳನ್ನು ನೋಡಿ.

ದಿನ ಎಂದರೆ ಯಾವುದು? ಬೆಳಿಗ್ಗೆ ಅಳೆದ ನೀರಿನಲ್ಲಿ ಹೆಚ್ಚಿನದು ನಿನ್ನೆ ಹಗಲು, ನಿನ್ನೆ ರಾತ್ರಿ ಬಿದ್ದದ್ದಲ್ಲವೇ? ಭಾರತದ ಹವಾಮಾನ ಇಲಾಖೆಯವರು ಬೆಳಿಗ್ಗೆ ೮-೩೦ಕ್ಕೆ ಅಳೆದು, ಹಿಂದಿನ ೨೪ ಗಂಟೆಗಳ ಮಳೆಯನ್ನು ಅಳೆದ ದಿನದ ಹೆಸರಿಗೇ ಬರೆಯುತ್ತಾರೆ. ಅಜ್ಜನ ಪುಸ್ತಕದ ಪದ್ಧತಿಯೂ ಅದೇ ಆಗಿದ್ದುದರಿಂದ ಅದನ್ನೇ ಇಟ್ಟುಕೊಂಡೆವು. ಅಳತೆ ಯಾವುದು? ಅವರದು ಇಂಚು-ಸೆಂಟು, ಶಾಲೆಯ ಪುಸ್ತಕದ್ದು ಮಿಲಿಮೀಟರು. ಒಂದು ಇಂಚಿಗೆ ೨೫.೪ ಮಿಲಿಮೀಟರು, ಒಂದು ಸೆಂಟಿಗೆ ೦.೨೫೪. ಯಾರೋ ಒಬ್ಬರು ನಲವತ್ತು ಎಂದು ಬರೆದರೆ ಅದು ನಲವತ್ತು ಸೆಂಟೋ ನಲವತ್ತು ಮಿಲಿಮೀಟರೋ? ಎರಡಕ್ಕೂ ನಡುವೆ ಒಂದು ತುಂತುರಿಗೂ ಒಂದು ಜಡಿಮಳೆಗೂ ಇರುವಷ್ಟು ಅಂತರ. ಎಲ್ಲವನ್ನೂ ಸೆಂಟಿನಲ್ಲಿಯೇ ಬರೆಯುವುದು, ತೋರಿಸುವಾಗ ಮಾತ್ರ ಎರಡೂ ಅಳತೆಯಲ್ಲಿ ತೋರಿಸುವುದು ಎಂದು ಗೊತ್ತುಮಾಡಿದೆವು. ಆಶ್ಲೇಷಾ ಮಳೆಯಲ್ಲಿ ಮಾಪಕ ತುಂಬಿ ಹರಿದೀತೆಂದು ರಾತ್ರಿಯೂ ಒಮ್ಮೆ ಅಳೆದು ಚೆಲ್ಲುತ್ತೇವಲ್ಲ, ಆಗ? ಒಂದೇ ದಿನಕ್ಕೆ ಎರಡು ಸಲ ಬರೆದರೆ ಹಿಂದಿನದಕ್ಕೆ ಕೂಡಿಸಬೇಕೇ, ಹಿಂದಿನದನ್ನು ಅಳಿಸಬೇಕೇ? ಕೂಡಿಸಬೇಕು. ಈ ಕೊನೆಯ ಪ್ರಶ್ನೆಯನ್ನು ನಾವು ಕಾಗದದ ಮೇಲೆ ಬರೆದುಕೊಂಡೆವು, ಆದರೆ ಅದರ ತೂಕ ನಮಗೆ ತಿಳಿಯಲಿಲ್ಲ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಪರದೆಯ ರಚನೆ ಸುಲಭ. ಆಪ್ ಇನ್ವೆಂಟರಿನ ಎಡಬದಿಯಲ್ಲಿ ಸಾಮಾನುಗಳ ಪಟ್ಟಿ ಇರುತ್ತದೆ, ನಡುವೆ ಫೋನಿನ ಆಕಾರದ ಖಾಲಿ ಪರದೆ. ಬರೆಯುವ ಚೌಕ ಒಂದನ್ನು ಎಳೆದು ತಂದಿಡಿ. ಅಂಕಿಗಳನ್ನು ಮಾತ್ರ ಒಪ್ಪುವಂತೆ ಅದರ ಗುಣದ ಪಟ್ಟಿಯಲ್ಲಿ ಗುರುತು ಹಾಕಿ. ಅದರ ಕೆಳಗೆ ಒಂದು ಗುಂಡಿ. ಅದರ ಮೇಲೆ 'ಬರೆದಿಡು' ಎಂದು ಕನ್ನಡದಲ್ಲಿಯೇ ಹೆಸರು ಕೊಡಿ. ಉತ್ತರ ತೋರಿಸಲು ಒಂದು ಪಟ್ಟಿ. ಇವಲ್ಲದೆ ಪರದೆಯ ಮೇಲೆ ಕಾಣದಂತೆ ಕೆಲಸ ಮಾಡುವ ಎರಡು ಸಾಮಾನುಗಳು ಬೇಕು: ದಿನಾಂಕವನ್ನು ಹೇಳುವ ಗಡಿಯಾರ, ಬರೆದದ್ದನ್ನು ನೆನಪಿಡುವ 'ಟೈನಿ ಡಿಬಿ' ಎಂಬ ಉಗ್ರಾಣ. ಈ ಉಗ್ರಾಣ ಫೋನಿನೊಳಗೇ ಇರುವುದರಿಂದ ಆಪ್ ನಡೆಯಲು ಅಂತರಜಾಲ ಬೇಡ. ಗಾಳಿಮಳೆಗೆ ಮರ ಬಿದ್ದು ಕರೆಂಟೂ ಹೋಗಿ ಟವರೂ ಸತ್ತು ಕೂತಿರುವ ನಮ್ಮ ಕಡೆಯ ಜುಲೈ ತಿಂಗಳಿಗೆ ಇದೊಂದು ದೊಡ್ಡ ಗುಣ.

ಮಾಡುತ್ತ ಮಾಡುತ್ತಲೇ ನೋಡುವುದಕ್ಕೆ 'ಕಂಪ್ಯಾನಿಯನ್' ಎಂಬ ಜೊತೆಗಾರ ಆಪ್ ಒಂದನ್ನು ಫೋನಿಗೆ ಹಾಕಿಕೊಂಡು, ಕಂಪ್ಯೂಟರಿನ ಪರದೆಯ ಮೇಲಿನ ಚೌಕಳಿ ಚಿತ್ರವನ್ನು ಅದರಿಂದ ಓದಿಸಿದರೆ ನೀವು ಕಟ್ಟುತ್ತಿರುವುದು ಅಲ್ಲಿಯೇ ಫೋನಿನಲ್ಲಿ ಮೂಡುತ್ತದೆ. 'ಬರೆದಿಡು' ಎಂಬ ಕನ್ನಡದ ಗುಂಡಿ ಫೋನಿನಲ್ಲಿ ಮೊದಲ ಸಲ ಮೂಡಿದಾಗ ತರಗತಿಯಲ್ಲಿ ಎದ್ದ ಗದ್ದಲಕ್ಕೆ ಪಕ್ಕದ ಕೊಠಡಿಯ ಮೇಷ್ಟರು ಬಂದು ನೋಡಿ ಹೋದರು.

ಕನ್ನಡದ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಗುಂಡಿಯ ಮೇಲೆ ಕನ್ನಡ ಮೂಡುವುದು ಇಂದು ನಮಗೆ ಸಹಜವೆನಿಸುತ್ತದೆ. ಹಾಗೆ ಎಂದೂ ಇದ್ದದ್ದಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಏರ್ಪಾಡಿನಲ್ಲಿ ಕನ್ನಡಕ್ಕೆ ೧೯೯೧ರಲ್ಲಿಯೇ ೧೨೮ ಮನೆಗಳ ಒಂದು ಕೇರಿ ದೊರೆತಿತ್ತು. ಆದರೂ ಆಂಡ್ರಾಯ್ಡ್ ಫೋನುಗಳು ಕನ್ನಡವನ್ನು ಸರಿಯಾಗಿ ತೋರಿಸತೊಡಗಿದ್ದು ೨೦೧೨ರ ೪.೧ನೆಯ ಆವೃತ್ತಿಯಿಂದ ಈಚೆಗೆ. ಅದಕ್ಕೆ ಮೊದಲು ಕನ್ನಡದ ಸಂದೇಶ ಬಂದರೆ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಕೀಲಿಮಣೆಯಲ್ಲಿ ವ್ಯಂಜನವನ್ನೂ ಸ್ವರವನ್ನೂ ಉಚ್ಚಾರಣೆಯ ಕ್ರಮದಲ್ಲಿ ಒತ್ತಿ ಗುಣಿತಾಕ್ಷರ ಮೂಡಿಸುವ ವಿನ್ಯಾಸವನ್ನು ಕೆ. ಪಿ. ರಾವ್ ಅವರು ರೂಪಿಸಿಕೊಟ್ಟರು. ಯಂತ್ರ ಇಂದಿಗೂ 'ಮಳೆ' ಎಂಬ ಎರಡಕ್ಷರದ ಮಾತನ್ನು ಎಣಿಸು ಎಂದರೆ ಮೂರು ಎನ್ನುತ್ತದೆ: ಮ, ಳ, ಮತ್ತು ಎತ್ವದ ಚಿಹ್ನೆ. 'ಅಕ್ಷರ' ಎಂಬುದಕ್ಕೆ ಐದು ಎನ್ನುತ್ತದೆ. ಛಂದಸ್ಸು ಕಲಿಸುವವರಿಗೆ ಇದು ಕಿರಿಕಿರಿ. ಆದರೆ ಲಘು-ಗುರುಗಳನ್ನು ಗುರುತಿಸುವ ಆಪ್ ಒಂದನ್ನು ಮಾಡಹೊರಟರೆ ಇದೇ ಬಿಡಿಬಿಡಿಯಾದ ಸಂಗ್ರಹ ಉಪಕಾರಕ್ಕೆ ಬರುತ್ತದೆ. ಅದು ಇನ್ನೊಂದು ಲೇಖನದ ಮಾತು.

ಈಗ ನಮ್ಮ ತಪ್ಪಿನ ಕಥೆ. ಗುಂಡಿಯನ್ನು ಒತ್ತಿದಾಗ ಚೌಕದಲ್ಲಿರುವ ಅಂಕಿಯನ್ನು ಉಗ್ರಾಣದಲ್ಲಿ ಇಡು ಎಂದು ನಾವು ಜೋಡಿಸಿದೆವು. ಉಗ್ರಾಣದಲ್ಲಿ ಇಡುವ ಪ್ರತಿಯೊಂದು ವಸ್ತುವಿಗೂ ಒಂದು ಹೆಸರುಚೀಟಿ ಅಂಟಿಸಬೇಕು. ಮುಂದೆ ಆ ಚೀಟಿಯ ಹೆಸರು ಹೇಳಿ ಕೇಳಿದರೆ ವಸ್ತುವನ್ನು ಕೊಡುತ್ತದೆ. ನಾವು ಅಂಟಿಸಿದ ಚೀಟಿ 'ಮಳೆ'. ಬರೆದೆವು, ಕೇಳಿದೆವು, ಕೊಟ್ಟಿತು. ಮರುದಿನ ಬರೆದೆವು, ಕೇಳಿದೆವು, ಕೊಟ್ಟಿತು. ಎಲ್ಲರಿಗೂ ಸಂತೋಷ. ೨೦೨೫ರ ಫೆಬ್ರವರಿಯಲ್ಲಿ ಹುಡುಗಿ ಅದನ್ನು ಅಜ್ಜನ ಫೋನಿಗೇ ಹಾಕಿಕೊಟ್ಟಳು. ಅಜ್ಜನಿಗೆ ಎಷ್ಟು ಅಭಿಮಾನ ಬಂತೆಂದರೆ ಅವರು ಪುಸ್ತಕದಲ್ಲಿ ಬರೆಯುವುದನ್ನೇ ನಿಲ್ಲಿಸಿಬಿಟ್ಟರು.

ಕಾಫಿ ಬೆಳೆಯದ ಊರಿನ ವಾಚಕರಿಗೆ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕಾಫಿ ಗಿಡದ ಮೊಗ್ಗು ಬೇಸಿಗೆಯಲ್ಲಿ ನಿದ್ರಿಸುತ್ತಿರುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಬೀಳುವ ಒಂದು ಹದವಾದ ಮಳೆ, ಸುಮಾರು ಒಂದು ಇಂಚಾದರೂ ಬೇಕು, ಅದನ್ನು ಎಬ್ಬಿಸುತ್ತದೆ. ಇದೇ ಹೂಮಳೆ. ಅದಾದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅನಂತರ ಎರಡು ಮೂರು ವಾರದೊಳಗೆ, ತೋಟದವರು ಬ್ಯಾಕಿಂಗ್ ಎನ್ನುವ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಬರದಿದ್ದರೆ ಕೆರೆಯಲ್ಲಿ ನೀರಿರುವವರು ಸ್ಪ್ರಿಂಕ್ಲರ್ ಹಚ್ಚಿ ಹೊಡೆಯುತ್ತಾರೆ. ಹೂಮಳೆ ಎಂದು ಬಿತ್ತು, ಎಷ್ಟು ಬಿತ್ತು ಎಂಬ ಎರಡು ಅಂಕಿಗಳ ಮೇಲೆ ಡೀಸೆಲ್ಲಿನ ಖರ್ಚೂ ಆ ವರ್ಷದ ಫಸಲೂ ನಿಂತಿರುತ್ತವೆ.

ಏಪ್ರಿಲ್ ನಡುವೆ ಅಜ್ಜ ಆ ಎರಡು ಅಂಕಿಗಳನ್ನು ಫೋನಿನಲ್ಲಿ ಹುಡುಕಿದರು. ಸಿಕ್ಕಿದ್ದು ಒಂದೇ ಅಂಕಿ: ಕೊನೆಯ ಸಲ ಬರೆದದ್ದು. ಮೂರು ದಿನದ ಹಿಂದೆ ಬಿದ್ದ ನಾಲ್ಕು ಸೆಂಟು ತುಂತುರು. ಉಗ್ರಾಣದಲ್ಲಿ ಒಂದು ಚೀಟಿಗೆ ಒಂದೇ ವಸ್ತು. ಅದೇ ಚೀಟಿಯಲ್ಲಿ ಹೊಸದನ್ನು ಇಟ್ಟರೆ ಹಳೆಯದು ಸದ್ದಿಲ್ಲದೆ ಹೋಗುತ್ತದೆ. ಎರಡು ತಿಂಗಳ ಲೆಕ್ಕ, ಹೂಮಳೆಯ ದಿನವೂ ಸೇರಿ, ದಿನದಿನವೂ ಒಂದರ ಮೇಲೊಂದು ಅಳಿಸಿಹೋಗಿತ್ತು. ನಾವು ಪ್ರತಿದಿನ 'ಇಂದಿನದು ಸರಿಯಾಗಿ ಬಂತೇ' ಎಂದು ನೋಡಿದೆವೇ ಹೊರತು 'ನಿನ್ನೆಯದು ಇದೆಯೇ' ಎಂದು ಒಂದು ದಿನವೂ ಕೇಳಲಿಲ್ಲ.

ನಾನೇ ಅವರ ಮನೆಗೆ ಹೋದೆ. ಹೇಳುವುದನ್ನೆಲ್ಲ ಕೇಳಿಸಿಕೊಂಡು ಅಜ್ಜ ಕಾಫಿ ತರಿಸಿದರು. ಬಳಿಕ, "ಮೇಷ್ಟ್ರೇ, ನನ್ನ ಪುಸ್ತಕಕ್ಕೆ ಗೆದ್ದಲು ಹಿಡಿದಿದ್ದರೂ ಅರ್ಧವಾದರೂ ಉಳಿಯುತ್ತಿತ್ತು" ಎಂದರು. ಕೋಪದಿಂದ ಅಂದಿದ್ದರೆ ನನಗೆ ಹಗುರವಾಗುತ್ತಿತ್ತು. ಪಕ್ಕದ ತೋಟದವರ ಪುಸ್ತಕದಿಂದ ಹೂಮಳೆಯ ದಿನವನ್ನು ತಿಳಿದುಕೊಂಡು ಅವರು ಸ್ಪ್ರಿಂಕ್ಲರಿನ ತೀರ್ಮಾನ ಮಾಡಿದರು. ಆದರೆ ಎಷ್ಟು ಬಿತ್ತು ಎಂಬುದು ಪಕ್ಕದ ತೋಟದ ಅಂಕಿಯೇ ಆಯಿತು. ಅವರ ಪುಸ್ತಕದಲ್ಲಿ ಆ ಎರಡು ತಿಂಗಳ ಹಾಳೆಗಳು ಇಂದಿಗೂ ಖಾಲಿ ಇವೆ.

ತಿದ್ದುವುದು ಎಷ್ಟು ಸುಲಭವೆಂಬುದೇ ನಾಚಿಕೆಯ ಮಾತು. 'ಮಳೆ' ಎಂಬ ಒಂದೇ ಚೀಟಿಗೆ ಬದಲಾಗಿ ಆಯಾ ದಿನಾಂಕವನ್ನೇ ಚೀಟಿಯ ಹೆಸರಾಗಿಸಿದೆವು. ದಿನಾಂಕವನ್ನು ನಾವು ರೂಢಿಯಲ್ಲಿ ಬರೆಯುವಂತೆ ದಿನ, ತಿಂಗಳು, ವರ್ಷ ಎಂದು ಬರೆಯಬಾರದು; ತಲೆಕೆಳಗು ಮಾಡಿ, ೨೦೨೫-೦೭-೦೯ ಎಂಬಂತೆ ವರ್ಷವನ್ನು ಮೊದಲಿಟ್ಟು ಬರೆಯಬೇಕು. ಯಂತ್ರ ಅಕ್ಷರಗಳನ್ನು ನಿಘಂಟಿನ ಕ್ರಮದಲ್ಲಿ ಹೋಲಿಸುತ್ತದೆ. ವರ್ಷ ಮೊದಲಿದ್ದರೆ ನಿಘಂಟಿನ ಕ್ರಮವೇ ಕಾಲದ ಕ್ರಮವೂ ಆಗುತ್ತದೆ. ತಿಂಗಳು ದಿನಗಳಿಗೆ ಒಂಟಿ ಅಂಕಿಯಾದರೆ ಮುಂದೆ ಸೊನ್ನೆ ಹಾಕುವುದೂ ಇದಕ್ಕಾಗಿಯೇ. ಇನ್ನು ಬರೆಯುವ ಮುನ್ನ ಆ ದಿನದ ಚೀಟಿಯಲ್ಲಿ ಏನಾದರೂ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಸೊನ್ನೆ ಎಂದಿಟ್ಟುಕೊಂಡು, ಅದಕ್ಕೆ ಹೊಸದನ್ನು ಕೂಡಿಸಿ ಇಡಬೇಕು. ರಾತ್ರಿ ಚೆಲ್ಲಿದ ಮಳೆಯ ಪ್ರಶ್ನೆಗೂ ಇದೇ ಉತ್ತರ. ಕಾಗದದ ಮೇಲೆ ಬರೆದುಕೊಂಡ ಆ ಪ್ರಶ್ನೆಯನ್ನು ಅಂದೇ ಗಂಭೀರವಾಗಿ ತೆಗೆದುಕೊಂಡಿದ್ದರೆ ಒಂದೇ ಚೀಟಿಯ ದೋಷ ಅಂದೇ ಕಣ್ಣಿಗೆ ಬೀಳುತ್ತಿತ್ತು. ಚೌಕ ಖಾಲಿಯಿರುವಾಗ ಯಾರಾದರೂ ಗುಂಡಿಯನ್ನೊತ್ತಿದರೆ ಖಾಲಿಯನ್ನು ಕೂಡಿಸಲಾರೆನೆಂದು ಯಂತ್ರ ತಕರಾರು ಮಾಡುತ್ತದೆ. 'ಖಾಲಿಯಿದ್ದರೆ ಸುಮ್ಮನಿರು' ಎಂಬ ಪಕ್ಷಾರ್ಥದ ತುಂಡೊಂದನ್ನು ಅದಕ್ಕಾಗಿ ಸುತ್ತಲೂ ಹಾಕಬೇಕು.

ಇಷ್ಟಾದ ಮೇಲೆ ಪುನರ್ವಸು. ಸೂರ್ಯನು ಇಪ್ಪತ್ತೇಳು ನಕ್ಷತ್ರಗಳನ್ನು ಒಂದು ವರ್ಷದಲ್ಲಿ ದಾಟುವುದರಿಂದ ಒಂದೊಂದು ಮಳೆಗೆ ಹದಿಮೂರೋ ಹದಿನಾಲ್ಕೋ ದಿನ. ಜೂನ್ ಮೂರನೆಯ ವಾರದ ಕೊನೆಗೆ ಆರಿದ್ರಾ, ಜುಲೈ ಮೊದಲ ವಾರಕ್ಕೆ ಪುನರ್ವಸು, ಜುಲೈ ೨೦ರ ಸುಮಾರಿಗೆ ಪುಷ್ಯ, ಆಗಸ್ಟ್ ಮೊದಲಲ್ಲಿ ಆಶ್ಲೇಷಾ. ಒಂದು ದಿನದ ಹೆಚ್ಚುಕಡಿಮೆ ಆಗುವುದುಂಟಾದ್ದರಿಂದ ಪ್ರತಿವರ್ಷ ಪಂಚಾಂಗ ನೋಡಿ ಹುಟ್ಟುವ ದಿನವನ್ನು ತುಂಬಬೇಕು. ಆಮೇಲಿನದು ಸರಳ: ಮೊತ್ತ ಎಂಬ ಪೆಟ್ಟಿಗೆಯಲ್ಲಿ ಸೊನ್ನೆಯನ್ನಿಡು, ಉಗ್ರಾಣದ ಚೀಟಿಗಳನ್ನು ಒಂದೊಂದಾಗಿ ತೆಗೆ, ಚೀಟಿಯ ದಿನಾಂಕ ಮಳೆ ಹುಟ್ಟಿದ ದಿನಕ್ಕಿಂತ ಹಿಂದಿನದಲ್ಲದೆ, ಮುಂದಿನ ಮಳೆ ಹುಟ್ಟುವ ದಿನಕ್ಕಿಂತ ಮೊದಲಿನದಾಗಿದ್ದರೆ, ಅದರ ಅಂಕಿಯನ್ನು ಮೊತ್ತಕ್ಕೆ ಸೇರಿಸು, ಮುಗಿದ ಮೇಲೆ ತೋರಿಸು. ಒಂಬತ್ತು ಹತ್ತು ತುಂಡುಗಳು. ಅಂಗಡಿಯಲ್ಲಿ ಸಿಗುವ ಯಾವ ಆಪೂ ಹೇಳಲಾರದ ಉತ್ತರ.

ಆಪ್ ಸಿದ್ಧವಾದ ಮೇಲೆ ಕಂಪ್ಯಾನಿಯನ್ನಿನ ನೆರವಿಲ್ಲದೆ ನಡೆಯುವಂತೆ ಅದನ್ನು ಒಂದು ಕಟ್ಟಾಗಿ ಕಟ್ಟಿಸಿಕೊಂಡು ಫೋನಿಗೆ ಇಳಿಸಬೇಕು. ಅಪರಿಚಿತ ಮೂಲದಿಂದ ಬಂದದ್ದೆಂದು ಫೋನು ಆಗ ಎಚ್ಚರಿಕೆ ಕೊಡುತ್ತದೆ. ನೀವೇ ಮಾಡಿದ್ದಾದರೆ ಒಪ್ಪಬಹುದು. ಬೇರೆಯವರು ವಾಟ್ಸಾಪಿನಲ್ಲಿ ಕಳಿಸಿದ ಕಟ್ಟನ್ನು ಮಾತ್ರ ಎಂದೂ ಒಪ್ಪಬೇಡಿ, ಹಣ ಕದಿಯುವ ಎಷ್ಟೋ ಮೋಸಗಳು ಇದೇ ದಾರಿಯಲ್ಲಿ ಮನೆಹೊಗುತ್ತವೆ. ಪರೀಕ್ಷೆಗಾಗಿ ಕಂಪ್ಯಾನಿಯನ್ನಿನಲ್ಲಿ ಬರೆದ ಅಂಕಿಗಳು ಹೊಸ ಆಪಿಗೆ ಬರುವುದಿಲ್ಲ. ಆಪನ್ನು ಫೋನಿನಿಂದ ಕಿತ್ತು ಹಾಕಿದರೆ ಉಗ್ರಾಣವೂ ಅದರೊಡನೆ ಹೋಗುತ್ತದೆ. ಆದುದರಿಂದ ಲೆಕ್ಕವನ್ನು ಆಗಾಗ ಹೊರಗೆ ಕಳಿಸುವ ಒಂದು ಗುಂಡಿ ಬೇಕು. ಹಂಚಿಕೊಳ್ಳುವ ಸಾಮಾನೊಂದು ಅಲ್ಲಿಯೇ ಇದೆ. ತಿಂಗಳ ಲೆಕ್ಕ ಸಾಲುಸಾಲಾಗಿ ಮೊಮ್ಮಗಳ ಫೋನಿಗೆ ಹೋಗುವಂತೆ ಮಾಡಿದ್ದೇವೆ.

ಊರೂರಿನವರೂ ಬಳಸಲಿ ಎಂದು ಗೂಗಲಿನ ಪ್ಲೇ ಅಂಗಡಿಯಲ್ಲಿಡುವ ಆಸೆ ಮಕ್ಕಳಿಗಿತ್ತು. ಅದಕ್ಕೆ ಒಂದು ಸಲಕ್ಕೆ ೨೫ ಡಾಲರ್ ಶುಲ್ಕ. ಅಲ್ಲದೆ ೨೦೨೩ರ ಕೊನೆಯಿಂದೀಚೆಗೆ ಖಾಸಗಿ ಖಾತೆ ತೆರೆಯುವ ಹೊಸಬರು ಪರೀಕ್ಷಕರನ್ನು ಕೂಡಿಸಿ ಹದಿನಾಲ್ಕು ದಿನ ಆಪನ್ನು ಬಳಸಿ ತೋರಿಸಬೇಕೆಂಬ ನಿಯಮವಿದೆ. ಮೊದಲು ಇಪ್ಪತ್ತು ಜನ ಬೇಕಿತ್ತು, ೨೦೨೪ರ ಡಿಸೆಂಬರಿನಲ್ಲಿ ಅದನ್ನು ಹನ್ನೆರಡಕ್ಕೆ ಇಳಿಸಿದರು. ನನ್ನ ಅಭಿಪ್ರಾಯದಲ್ಲಿ ಮೊದಲ ಆಪಿಗೆ ಅಂಗಡಿಯ ಗೋಜು ಬೇಡ. ಒಂದೇ ಮನೆಯಲ್ಲಿ ಒಂದು ಪೂರ್ತಿ ಮಳೆಗಾಲ ನಡೆಯಲಿ.

ಈಚೆಗೆ ಇನ್ನೊಂದು ದಾರಿಯೂ ತೆರೆದಿದೆ. ಏನು ಬೇಕೆಂದು ಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಯ ಯಂತ್ರಗಳು ಆಜ್ಞೆಗಳನ್ನು ತಾವೇ ಬರೆದುಕೊಡುತ್ತವೆ. ನಾನು ಅದರ ವಿರೋಧಿಯಲ್ಲ. ಆದರೆ 'ದಿನದ ಮಳೆಯನ್ನು ಬರೆದಿಡಬೇಕು' ಎಂದಷ್ಟೇ ಹೇಳಿದವನಿಗೆ ದಿನ ಯಾವಾಗ ಆರಂಭವಾಗುತ್ತದೆ, ಅಳತೆ ಯಾವುದು, ರಾತ್ರಿ ಚೆಲ್ಲಿದ ನೀರಿನ ಗತಿಯೇನು ಎಂಬುದನ್ನು ಅದು ತನಗೆ ತೋರಿದಂತೆ ಊಹಿಸಿಕೊಂಡೀತು. ಊಹೆ ತಪ್ಪಾಗಿದ್ದರೆ ಕಂಡುಹಿಡಿಯಬೇಕಾದವರು ನಾವೇ. ಕಂಡುಹಿಡಿಯಬೇಕಾದರೆ ಒಂದನ್ನಾದರೂ ಕೈಯಾರೆ ಕಟ್ಟಿರಬೇಕು. ಗೈಡು ಓದಿ ಉತ್ತರ ಬರೆಯುವ ಹುಡುಗರನ್ನು ಮೂವತ್ತು ವರ್ಷ ನೋಡಿದವನ ಮಾತೆಂದು ಇದನ್ನು ಕ್ಷಮಿಸಿ.

ಮಳೆಯೇ ಆಗಬೇಕೆಂದಿಲ್ಲ. ಪೇಟೆಯ ಮನೆಗಳಲ್ಲಿ ಹಾಲಿನ ಲೆಕ್ಕವಿದೆ, ಗ್ಯಾಸ್ ಸಿಲಿಂಡರು ಎಷ್ಟು ದಿನ ಬಂತೆಂಬ ಲೆಕ್ಕವಿದೆ, ಹಿರಿಯರ ರಕ್ತದೊತ್ತಡದ ಲೆಕ್ಕವಿದೆ. ಭಾಷೆಯಲ್ಲಿ ಆಸಕ್ತಿಯಿದ್ದವರಿಗೆ ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕಗಳ ಕಾಲ ಒಬ್ಬರೇ ಕೂತು ಸಿದ್ಧಪಡಿಸಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು ಇದೆ; ಒಂದೂವರೆ ಲಕ್ಷ ಪದಗಳ ಆ ನಿಧಿಯನ್ನು ಯಾರು ಬೇಕಾದರೂ ಬಳಸಬಹುದೆಂದು ೨೦೧೯ರಲ್ಲಿ ಬಿಟ್ಟುಕೊಟ್ಟಿದ್ದಾರೆ. ಮನೆಯವರು ದಿನವೂ ನಿಜವಾಗಿ ಕೇಳುವ ಒಂದು ಪ್ರಶ್ನೆಯನ್ನು ಆರಿಸಿಕೊಳ್ಳಿ. ಸಂಜೆಗೆ ಒಂದು ಗಂಟೆಯಂತೆ ಕೂತರೆ ಹದಿನೈದು ದಿನಗಳಲ್ಲಿ ಮೊದಲ ರೂಪ ಸಿದ್ಧವಾದೀತು. ಅಲ್ಲಿಂದ ಮುಂದೆ ಹಳೆಯ ಪುಸ್ತಕವನ್ನೂ ಕಡಮೆಯೆಂದರೆ ಆರು ತಿಂಗಳು ಬರೆಯುತ್ತಲೇ ಇರಿ. ವಾರಕ್ಕೊಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಅಜ್ಜ ಈಗ ಎರಡರಲ್ಲಿಯೂ ಬರೆಯುತ್ತಾರೆ, ಮೊದಲು ಪುಸ್ತಕದಲ್ಲಿ. ೨೦೨೫ರ ಪುನರ್ವಸು ಮುಗಿದ ದಿನ ಎರಡು ಮೊತ್ತಗಳಿಗೂ ಹನ್ನೆರಡು ಸೆಂಟಿನ ವ್ಯತ್ಯಾಸ ಬಂತು. ಹುಡುಗಿ ಹೆದರಿ ತುಂಡುಗಳನ್ನೆಲ್ಲ ಮತ್ತೊಮ್ಮೆ ತಿರುವಿಹಾಕಿದಳು. ಕೊನೆಗೆ ನೋಡಿದರೆ ಅಜ್ಜ ಕೂಡುವಾಗ ಒಂದು ಸಾಲನ್ನು ಬಿಟ್ಟಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು ಆ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಗುರುತು ಹಾಕಿ, ಪುಷ್ಯದ ಹಾಳೆಯನ್ನು ತಿರುವಿದರು.